ನೆಗಡಿ ಅಲ್ಲ, ಅಲರ್ಜಿ: ಬೆಂಗಳೂರಿನಲ್ಲಿ ಸೀನು, ಉಬ್ಬಸ ಇರುವವರು ಏನು ಮಾಡಬೇಕು?

‘ವೆದರ್ ಸೆಟ್ ಆಗ್ಬೇಕು ಅಷ್ಟೆ, ಆಮೇಲೆ ಸರಿಹೋಗುತ್ತೆ.’ ಬೆಂಗಳೂರಿಗೆ ಬಂದ ಹೊಸದರಲ್ಲಿ ಸೀನುತ್ತಾ ಕೂತವರಿಗೆ ಸಿಗುವ ಮೊದಲ ಸಲಹೆ ಇದು. ನನಗೂ ಸಿಕ್ಕಿತ್ತು. ಹಾಸನದಿಂದ ಬಂದು ವಿಜಯನಗರದಲ್ಲಿ ಮನೆ ಮಾಡಿದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸೀನು. ಮೂಗು ಸೋರುವುದು, ಕಣ್ಣು ತುರಿಸುವುದು. ಹತ್ತು ಗಂಟೆಗೆ ಆಫೀಸು ಸೇರುವಷ್ಟರಲ್ಲಿ ಏನೂ ಆಗದವನ ಹಾಗೆ ಸರಿ. ನಾಲ್ಕು ವರ್ಷ ಕಾದೆ, ವೆದರ್ ಸೆಟ್ ಆಗಲಿಲ್ಲ. ಐದನೇ ವರ್ಷ ರಾತ್ರಿ ಕೆಮ್ಮು ಶುರುವಾಯಿತು. ಒಂದು ಕ್ಲಿನಿಕ್‌ನಲ್ಲಿ ಸಿರಪ್ ಕೊಟ್ಟರು, ಇನ್ನೊಂದರಲ್ಲಿ ಆಂಟಿಬಯೋಟಿಕ್. ವರ್ಷಕ್ಕೆ ಐದು ಕೋರ್ಸ್ ನುಂಗಿದೆ. ಕೊನೆಗೆ ಒಬ್ಬ ಡಾಕ್ಟರು ಸ್ಟೆತಾಸ್ಕೋಪ್ ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿದರು. ‘ಕೆಮ್ಮು ಎಷ್ಟು ಗಂಟೆಗೆ ಬರುತ್ತೆ?’ ಬೆಳಗಿನ ಜಾವ ಮೂರು, ನಾಲ್ಕಕ್ಕೆ ಅಂದೆ. ಅವರು ಪೆನ್ನು ಕೆಳಗಿಟ್ಟು ಮುಖ ನೋಡಿದರು. ಅದುವರೆಗೆ ಯಾರೂ ನನ್ನನ್ನು ಗಂಟೆ ಕೇಳಿರಲಿಲ್ಲ.

ನಾನು ಡಾಕ್ಟರಲ್ಲ. ಮೂಗಿನ ಅಲರ್ಜಿ, ಅಸ್ತಮಾ ಎಂಬ ಈ ಕಾಯಿಲೆಯ ಜೊತೆ ಹತ್ತು ವರ್ಷಕ್ಕೂ ಜಾಸ್ತಿ ಸಂಸಾರ ಮಾಡಿದವನು ಅಷ್ಟೆ. ಡಾಕ್ಟರ ಹತ್ತಿರ ಹೋಗುವ ಮುಂಚೆ, ಹೋದಾಗ, ಮನೆಗೆ ಬಂದ ಮೇಲೆ ನಾವು ಮಾಡಬೇಕಾದ ಕೆಲಸ ಯಾವುದು ಅಂತ ಇಲ್ಲಿ ಬರೆದಿದ್ದೇನೆ. ಯಾವ ಔಷಧ, ಎಷ್ಟು ಡೋಸ್ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮೊದಲು, ಒಳಗೆ ಆಗುವುದೇನು

ಧೂಳಿನ ಹುಳದ ಹಿಕ್ಕೆ, ಹುಲ್ಲಿನ ಪರಾಗ, ಬೆಕ್ಕಿನ ಮೈಯ ಹೊಟ್ಟು. ಇವು ಬಹಳಷ್ಟು ಜನರಿಗೆ ಏನೂ ಮಾಡುವುದಿಲ್ಲ. ಕೆಲವರ ಮೈಯಲ್ಲಿ ಮಾತ್ರ ಇವುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಕೂತಿರುತ್ತದೆ. ಅದೇ ವಸ್ತು ಮತ್ತೆ ಮೂಗಿಗೆ ಹೋದ ಕೂಡಲೇ ಒಳಪದರದ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಸೀನು, ತುರಿಕೆ, ನೀರು ಸುರಿಯುವುದು ಎಲ್ಲ ಹೆಚ್ಚಾಗಿ ಅದರದೇ ಕೆಲಸ.

ಅಸ್ತಮಾದಲ್ಲಿ ಗಲಾಟೆ ಇನ್ನೂ ಕೆಳಗೆ, ಶ್ವಾಸನಾಳದಲ್ಲಿ. ಅಲ್ಲಿ ಎರಡು ತೊಂದರೆ ಒಟ್ಟಿಗೆ ಇರುತ್ತವೆ. ಒಂದು ಬಾವು: ನಾಳದ ಒಳಗೋಡೆ ಊದಿಕೊಂಡು ಕಫ ಕಟ್ಟುತ್ತದೆ. ಇದು ನಿಮಗೆ ಗೊತ್ತಾಗದ ಹಾಗೆ ದಿನಾ ಇರುತ್ತದೆ. ಇನ್ನೊಂದು ಬಿಗಿತ: ನಾಳದ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ. ಇದು ಬಂದು ಹೋಗುತ್ತದೆ, ಬಂದಾಗ ಎದೆಯಲ್ಲಿ ಸುಯ್ ಸುಯ್ ಅನ್ನುತ್ತದೆ, ಉಸಿರು ಎಳೆಯುವುದಕ್ಕಿಂತ ಬಿಡುವುದು ಕಷ್ಟವಾಗುತ್ತದೆ. ಬಾವು ಮತ್ತು ಬಿಗಿತ, ಈ ಎರಡು ಪದ ನೆನಪಿಟ್ಟುಕೊಳ್ಳಿ. ಮುಂದೆ ಔಷಧದ ವಿಷಯ ಬಂದಾಗ ಇವೇ ಬೇಕಾಗುತ್ತವೆ.

ಮೂಗು ಬೇರೆ, ಎದೆ ಬೇರೆ ಅಂತ ನಾವು ಅಂದುಕೊಳ್ಳುತ್ತೇವೆ. ಗಾಳಿಗೆ ಅದು ಒಂದೇ ದಾರಿ. ಅಸ್ತಮಾ ಇರುವ ಬಹುಪಾಲು ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗನ್ನು ಹಾಗೇ ಬಿಟ್ಟು ಎದೆಗೆ ಮಾತ್ರ ಔಷಧ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಎಲ್ಲ ಕೆಮ್ಮು, ಸೀನೂ ಅಲರ್ಜಿಯಲ್ಲ ಅನ್ನುವುದೂ ಗೊತ್ತಿರಲಿ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ, ಅದು ಕೆರಳಿಕೆ ಅಷ್ಟೆ. ಎರಡು ನಿಮಿಷಕ್ಕೆ ಎಲ್ಲರೂ ಸುಮ್ಮನಾಗಿ, ಒಬ್ಬರಿಗೆ ಮಾತ್ರ ಅರ್ಧ ಗಂಟೆ ಎದೆ ಹಿಡಿದುಕೊಂಡರೆ ಆ ಒಬ್ಬರನ್ನು ವಿಚಾರಿಸಿಕೊಳ್ಳಬೇಕು.

ಬೆಂಗಳೂರಿನಲ್ಲೇ ಯಾಕೆ ಇಷ್ಟು?

ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಇಪ್ಪತ್ತು ವರ್ಷ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಶೇ 9ರಷ್ಟು ಮಕ್ಕಳಿಗೆ ಅಸ್ತಮಾ ಇತ್ತು. 1999ಕ್ಕೆ ಅದು ಶೇ 29.5 ಆಯಿತು. ಊರಿನ ಎಲ್ಲ ಮಕ್ಕಳ ಲೆಕ್ಕ ಇದಲ್ಲ ನಿಜ, ಆದರೆ ಏರಿದ ರೀತಿ ನೋಡಿ. ಅದೇ ಇಪ್ಪತ್ತು ವರ್ಷದಲ್ಲಿ ಈ ಊರಿನ ರಸ್ತೆಗಳ ಮೇಲೆ ಗಾಡಿಗಳು ಎಷ್ಟು ಬಂದವು ಅಂತ ಹಳಬರನ್ನು ಕೇಳಿ.

ಹಿತವಾದ ಹವೆಯದೂ ಪಾಲಿದೆ. ವಿಪರೀತ ಬಿಸಿಲಿಲ್ಲ, ಗಡಗಡ ಚಳಿಯಿಲ್ಲ, ತೇವ ಮಾತ್ರ ಬೇಕಾದಷ್ಟು. ನಮಗೆ ಹೇಗೆ ಇಷ್ಟವೋ ಧೂಳಿನ ಹುಳಕ್ಕೂ ಹಾಗೇ ಇಷ್ಟ. ಜೊತೆಗೆ ಯಾವ ಬಡಾವಣೆಗೆ ಹೋದರೂ ಒಂದು ಮನೆ ಕೆಡವುತ್ತಿರುತ್ತಾರೆ, ಒಂದು ಕಟ್ಟುತ್ತಿರುತ್ತಾರೆ. ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ. ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶವೆಲ್ಲ ಹಬ್ಬಿದ ಕಳೆ. ಪರಾಗದಿಂದ ಮೂಗಿಗೂ ತೊಂದರೆ, ಮುಟ್ಟಿದರೆ ಕೆಲವರ ಚರ್ಮಕ್ಕೂ ತೊಂದರೆ. ಕೀಳುವುದಾದರೆ ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡುವ ಮುಂಚೆ, ಕೈಗವಸು ಹಾಕಿ ಕೀಳಿ. ನಿಮಗೇ ಅಲರ್ಜಿ ಇದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ.

ಫೆಬ್ರವರಿಯಲ್ಲಿ ಊರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸೀನುವವರೆಲ್ಲ ತಬೂಬಿಯಾ ಮರವನ್ನು ಬೈಯುತ್ತಾರೆ. ಪಾಪ, ಆ ಹೂವಿನ ಪರಾಗವನ್ನು ಸಾಗಿಸುವುದು ಹುಳಹುಪ್ಪಟೆಗಳು. ಕಣ್ಣಿಗೆ ಕಾಣುವ ಚೆಂದದ ಹೂಗಳಿಗಿಂತ, ಗಾಳಿಯಲ್ಲಿ ಪರಾಗ ತೂರುವ ಹುಲ್ಲು, ಕಳೆ, ಸರ್ವೆ ಮರದಂಥವೇ ಹೆಚ್ಚು ಕಾಟ ಕೊಡುತ್ತವೆ.

ಹೆಜ್ಜೆ 1: ಎರಡು ವಾರ ಬರೆಯಿರಿ

ಟೆಸ್ಟಿಗೆ ಓಡುವ ಮುಂಚೆ ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಅಸ್ತಮಾ ಬಂದು ಹೋಗುವ ಕಾಯಿಲೆ. ನೀವು ಡಾಕ್ಟರ ಮುಂದೆ ಕೂತಾಗ ಎದೆ ಸ್ವಚ್ಛವಾಗಿಯೇ ಕೇಳಿಸಬಹುದು. ಅವರಿಗೆ ಸಿಗದ ಸಾಕ್ಷಿ ನಿಮ್ಮ ರಾತ್ರಿಗಳಲ್ಲಿದೆ. ನನ್ನ ಹಳೇ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

ಮಂಗಳವಾರ: ಬೆಳಗಿನ 3.40ಕ್ಕೆ ಕೆಮ್ಮು, ಎದ್ದು ಕೂತೆ. 6.30ಕ್ಕೆ ಸೀನು, 11. ನಿನ್ನೆ ರಾತ್ರಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದು.
ಗುರುವಾರ: ಮೆಟ್ಟಿಲು ಹತ್ತುವಾಗ ಎದೆ ಬಿಗಿತ. ಕೆಳಗಿನ ಮನೆಯಲ್ಲಿ ಸಾಂಬ್ರಾಣಿ.
ಶನಿ, ಭಾನು: ಹಾಸನ. ಒಂದೂ ಸೀನಿಲ್ಲ. ಚಾಪೆ ಮೇಲೆ ಮಲಗಿದ್ದೆ.
ಸೋಮವಾರ: ವಾಪಸ್. 4.10ಕ್ಕೆ ಕೆಮ್ಮು.

ಇಷ್ಟರಲ್ಲೇ ಮುಕ್ಕಾಲು ಪಾಲು ಕಥೆ ಇದೆ, ಅಲ್ವಾ? ಹಾಸಿಗೆಯ ಮೇಲೆ ಅನುಮಾನ ಬಂದದ್ದೇ ಆ ‘ಚಾಪೆ’ ಎಂಬ ಪದದಿಂದ. ಸಮಯ, ಜಾಗ, ಅದಕ್ಕೆ ಮುಂಚೆ ಮಾಡಿದ ಕೆಲಸ, ತೆಗೆದುಕೊಂಡ ಔಷಧ, ಈ ನಾಲ್ಕನ್ನು ಬರೆಯಿರಿ. ಗೊರಗೊರ ಸದ್ದು ಬಂದರೆ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮಕ್ಕಳ ವಿಷಯದಲ್ಲಂತೂ ಇದು ತುಂಬ ಉಪಯೋಗ.

ನೆಗಡಿಯನ್ನೂ ಅಲರ್ಜಿಯನ್ನೂ ಬೇರೆ ಮಾಡುವುದು ಕಷ್ಟವೇನಲ್ಲ. ನೆಗಡಿಗೆ ಗಂಟಲು ನೋವು, ಮೈಕೈ ನೋವು, ಕೆಲವೊಮ್ಮೆ ಜ್ವರ ಇರುತ್ತದೆ, ಒಂದು ವಾರ ಹತ್ತು ದಿನಕ್ಕೆ ಹೋಗುತ್ತದೆ. ಅಲರ್ಜಿಯಲ್ಲಿ ತುರಿಕೆ ಮುಖ್ಯ: ಮೂಗು, ಕಣ್ಣು, ಅಂಗುಳ. ಜ್ವರ ಇಲ್ಲ, ನೀರಿನಂಥ ಸಿಂಬಳ, ವಾರಗಟ್ಟಲೆ ಅದೇ ಕಥೆ. ಮಗು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿಕೊಳ್ಳುತ್ತಲೇ ಇದ್ದು, ಮೂಗಿನ ಮೇಲೆ ಅಡ್ಡ ಗೆರೆ ಮೂಡಿದ್ದರೆ ಡಾಕ್ಟರು ನೋಡಿದ ಕೂಡಲೇ ಅಲರ್ಜಿ ಅನ್ನುತ್ತಾರೆ.

ಒಂದು ಎಚ್ಚರಿಕೆ. ಕೆಮ್ಮು ಎರಡು ವಾರ ದಾಟಿದ್ದರೆ, ಅದರ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಏನಾದರೂ ಇದ್ದರೆ ಮೊದಲು ಟಿಬಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ನಲವತ್ತು ದಾಟಿದ, ಬೀಡಿ ಸಿಗರೇಟು ಸೇದುವವರ ದಮ್ಮು ಅಸ್ತಮಾ ಆಗಿರದೆ ಸಿಒಪಿಡಿ (ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಆಗಿರಬಹುದು. ಹೃದಯದ ತೊಂದರೆಗೂ ರಾತ್ರಿ ಉಸಿರು ಕಟ್ಟುತ್ತದೆ.

ಹೆಜ್ಜೆ 2: ಬೇಕಾದ ಟೆಸ್ಟ್, ಬೇಡದ ಟೆಸ್ಟ್

ಅಸ್ತಮಾ ಅನುಮಾನಕ್ಕೆ ಮುಖ್ಯ ಪರೀಕ್ಷೆ ಸ್ಪೈರೊಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಪೂರ್ತಿ ಉಸಿರು ಎಳೆಸಿ, ಒಂದೇ ಏಟಿಗೆ ಜೋರಾಗಿ ಊದಿಸುತ್ತಾರೆ. ಪಕ್ಕದಲ್ಲಿ ನಿಂತ ಟೆಕ್ನಿಷಿಯನ್ ‘ಊದಿ, ಊದಿ, ಇನ್ನೂ ಊದಿ, ಬಿಡ್ಬೇಡಿ’ ಅಂತ ಕ್ರಿಕೆಟ್ ಮ್ಯಾಚಿನ ಹಾಗೆ ಕೂಗುತ್ತಾರೆ. ನಾಚಿಕೊಳ್ಳಬೇಡಿ, ಅರೆಮನಸ್ಸಿನಿಂದ ಊದಿದರೆ ರಿಪೋರ್ಟೇ ತಪ್ಪು ಬರುತ್ತದೆ. ಆಮೇಲೆ ಪಂಪ್ (ಔಷಧವನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್) ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಶೇ 12ಕ್ಕಿಂತಲೂ 200 ಮಿಲಿಲೀಟರಿಗಿಂತಲೂ ಜಾಸ್ತಿ ಸುಧಾರಿಸಿದರೆ ದೊಡ್ಡವರಲ್ಲಿ ಅದು ಅಸ್ತಮಾದ ಕಡೆಗೆ ಬೆರಳು ತೋರಿಸುತ್ತದೆ. ಟೆಸ್ಟಿಗೆ ಮುಂಚೆ ಯಾವ ಪಂಪನ್ನು ಎಷ್ಟು ಗಂಟೆ ನಿಲ್ಲಿಸಬೇಕು ಅಂತ ಕೇಳಿಕೊಂಡು ಹೋಗಿ. ರಿಪೋರ್ಟ್ ನಾರ್ಮಲ್ ಬಂದರೆ ಅಸ್ತಮಾ ಇಲ್ಲ ಅಂತ ಅರ್ಥ ಅಲ್ಲ. ಆ ದಿನ ನಾಳ ತೆರೆದಿತ್ತು ಅಂತ ಮಾತ್ರ ಅರ್ಥ. ಆಗ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನ ಕೊಂಡು ಬೆಳಿಗ್ಗೆ ಸಂಜೆ ಊದಿ ಬರೆದುಕೊಳ್ಳಿ ಅನ್ನುತ್ತಾರೆ. ಐದಾರು ವರ್ಷದ ಒಳಗಿನ ಮಕ್ಕಳಿಗೆ ಈ ಊದುವ ಟೆಸ್ಟ್ ಸರಿಯಾಗಿ ಬರುವುದಿಲ್ಲ, ಅಲ್ಲಿ ಲಕ್ಷಣ ನೋಡಿ, ಔಷಧಕ್ಕೆ ಹೇಗೆ ಬಗ್ಗುತ್ತದೆ ಅಂತ ನೋಡಿಯೇ ತೀರ್ಮಾನ.

ಎಲ್ಲಿ ಮಾಡಿಸುವುದು? ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇದೆ. ಸರ್ಕಾರದ ಕಡೆ ನಿಮ್ಹಾನ್ಸ್ ಆಸುಪಾಸಿನಲ್ಲೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಮಕ್ಕಳಿಗೆ ಅಲ್ಲೇ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

ಯಾವುದರ ಅಲರ್ಜಿ ಅಂತ ಹುಡುಕಲು ಚರ್ಮದ ಪ್ರಿಕ್ ಟೆಸ್ಟ್. ಮುಂಗೈ ಮೇಲೆ ಬೇರೆಬೇರೆ ದ್ರವದ ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ, ಸೊಳ್ಳೆ ಕಚ್ಚಿದಷ್ಟು ನೋವು. ಹದಿನೈದು ಇಪ್ಪತ್ತು ನಿಮಿಷಕ್ಕೆ ಎಲ್ಲಿ ದದ್ದು ಏಳುತ್ತದೋ ನೋಡಿ ಅಳೆಯುತ್ತಾರೆ. 3 ಮಿಲಿಮೀಟರ್ ಮೇಲಿದ್ದರೆ ಪಾಸಿಟಿವ್. ಇದಕ್ಕೆ ಮುಂಚೆ ಸುಮಾರು ಒಂದು ವಾರ ಸೀನಿನ ಮಾತ್ರೆ ನಿಲ್ಲಿಸಿರಬೇಕು. ಇಲ್ಲದಿದ್ದರೆ ಏನೂ ಏಳುವುದಿಲ್ಲ, ದುಡ್ಡು ದಂಡ. ಚರ್ಮದ ಟೆಸ್ಟ್ ಆಗದವರಿಗೆ ರಕ್ತದಲ್ಲಿ ನಿರ್ದಿಷ್ಟ ಐಜಿಇ ನೋಡುತ್ತಾರೆ. ಬರೀ ‘ಟೋಟಲ್ ಐಜಿಇ’ ಜಾಸ್ತಿ ಬಂತು ಅಂತ ಗಾಬರಿ ಬೇಡ, ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಏರುತ್ತದೆ.

ರಿಪೋರ್ಟಿನಲ್ಲಿ ಪಾಸಿಟಿವ್ ಬಂದದ್ದೆಲ್ಲ ನಿಮ್ಮ ಕಾಯಿಲೆಗೆ ಕಾರಣ ಅಲ್ಲ. ನೋಟ್‌ಬುಕ್ಕಿಗೂ ರಿಪೋರ್ಟಿಗೂ ತಾಳೆ ಆಗಬೇಕು. ಆಗ ಮಾತ್ರ ನಂಬಿ.

ಇನ್ನು ಬೇಡದ ಟೆಸ್ಟ್. ಒಂದು ಲ್ಯಾಬಿನವರು ಇನ್ನೂರು ಆಹಾರಗಳ ‘ಅಲರ್ಜಿ ಪ್ಯಾನೆಲ್’ ಅಂತ ನನ್ನ ಹತ್ತಿರ ಸಾವಿರಗಟ್ಟಲೆ ತೆಗೆದುಕೊಂಡರು. ಅದು ಐಜಿಜಿ ಎಂಬ ಬೇರೆಯೇ ಪ್ರತಿಕಾಯದ ಟೆಸ್ಟ್. ನೀವು ಏನು ತಿನ್ನುತ್ತೀರೋ ಅದಕ್ಕೆಲ್ಲ ಐಜಿಜಿ ಇರುವುದು ಸಹಜ. ರಿಪೋರ್ಟಿನಲ್ಲಿ ತೊಗರಿಬೇಳೆ, ಹಾಲು, ಗೋಧಿ, ಬದನೆಕಾಯಿ ಎಲ್ಲ ಕೆಂಪು. ಅಮ್ಮ ಮೂರು ತಿಂಗಳು ನನಗೆ ಸಾರು ಬಡಿಸಲಿಲ್ಲ. ತೂಕ ನಾಲ್ಕು ಕೆಜಿ ಇಳಿಯಿತು, ಕೆಮ್ಮು ಹಾಗೇ ಇತ್ತು. ಕೂದಲು ಕಳಿಸಿ ಅಲರ್ಜಿ ಹೇಳ್ತೀವಿ ಅನ್ನುವವರ ಮಾತೂ ಕೇಳಬೇಡಿ.

ನಿಜವಾದ ಆಹಾರದ ಅಲರ್ಜಿಗೆ ಒಂದು ಶಿಸ್ತಿದೆ. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಶುರು, ಮತ್ತು ಹೆಚ್ಚುಕಮ್ಮಿ ಪ್ರತಿ ಸಲವೂ. ತುಟಿ ಊತ, ಮೈಮೇಲೆ ಗಂಧೆ, ವಾಂತಿ. ಕಡಲೆಕಾಯಿ, ಮೊಟ್ಟೆ, ಹಾಲು, ಸೀಗಡಿ ಹೀಗೆ ಮಾಡುವುದುಂಟು. ಬಾಳೆಹಣ್ಣು ತಿಂದರೆ ಕಫ, ಮೊಸರು ತಿಂದರೆ ಉಬ್ಬಸ ಅಂತ ಎಲ್ಲವನ್ನೂ ‘ನಂಜು’, ‘ಶೀತ’ದ ಪಟ್ಟಿಗೆ ಸೇರಿಸಿ ಮಕ್ಕಳ ಊಟ ಕಿತ್ತುಕೊಳ್ಳಬೇಡಿ. ನಿಮ್ಮ ನೋಟ್‌ಬುಕ್ಕು ಹಾಗೆ ಹೇಳಿದರೆ ಮಾತ್ರ ಬಿಡಿ.

ಹೆಜ್ಜೆ 3: ಮನೆ, ಅದರಲ್ಲೂ ಹಾಸಿಗೆ

ಧೂಳಿನ ಹುಳ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇರುವುದಿಲ್ಲ. ಕಚ್ಚುವುದಿಲ್ಲ, ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು, ನಮ್ಮ ಬೆವರಿನ ತೇವದಲ್ಲಿ ಹಾಸಿಗೆ ದಿಂಬಿನೊಳಗೆ ಬದುಕುತ್ತದೆ. ದಿನಕ್ಕೆ ಏಳೆಂಟು ಗಂಟೆ ಮುಖವನ್ನು ಅಲ್ಲೇ ಒತ್ತಿಕೊಂಡು ಮಲಗುತ್ತೇವೆ. ಆದ್ದರಿಂದ ಮನೆಯೆಲ್ಲ ತೊಳೆಯುವ ಶಕ್ತಿ ಇಲ್ಲದಿದ್ದರೆ ಹಾಸಿಗೆಯೊಂದನ್ನೇ ಹಿಡಿಯಿರಿ.

ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು, 60 ಡಿಗ್ರಿಯಷ್ಟು ಬಿಸಿ. ತಣ್ಣೀರಿನಲ್ಲಿ ಹುಳ ಸಾಯುವುದಿಲ್ಲ. ಹಾಸಿಗೆ, ದಿಂಬಿಗೆ ಒತ್ತಾದ ನೇಯ್ಗೆಯ, ಜಿಪ್ ಇರುವ ಕವರ್ ಹಾಕಿಸಿ. ಹಳೇ ಹತ್ತಿ ಹಾಸಿಗೆಯನ್ನು ಟೆರೇಸಿನಲ್ಲಿ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿಯುವ ಪದ್ಧತಿ ಒಳ್ಳೆಯದೇ, ಆದರೆ ಬಡಿಯುವವರು ಅಲರ್ಜಿ ಇರುವವರಾಗಬಾರದು. ಮಗುವಿನ ಮಂಚದ ಮೇಲಿನ ಕರಡಿ ಗೊಂಬೆಗಳನ್ನೂ ಒಗೆಯಿರಿ. ಏರ್ ಪ್ಯೂರಿಫೈಯರ್ ಕೊಳ್ಳಲೇ ಅಂತ ಕೇಳುವವರಿಗೆ ನನ್ನ ಉತ್ತರ: ದುಡ್ಡು ಉಳಿದರೆ ಕೊನೆಗೆ ಕೊಳ್ಳಿ. ಹೊಗೆ, ಸಣ್ಣ ಧೂಳಿಗೆ ಅದು ಸಹಾಯ ಮಾಡೀತು. ಹುಳದ ಹಿಕ್ಕೆಯ ಕಣ ಭಾರ, ಬೇಗ ಕೆಳಗೆ ಕೂರುತ್ತದೆ, ಮೆಷಿನ್ ಮೂಲೆಯಲ್ಲಿ ತಿರುಗುತ್ತಿದ್ದರೂ ನಿಮ್ಮ ದಿಂಬಿನಲ್ಲಿದ್ದದ್ದು ದಿಂಬಿನಲ್ಲೇ ಇರುತ್ತದೆ.

ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಸಿಂಕಿನ ಕೆಳಗಿನ ಜಿರಳೆಯೂ ಅಸ್ತಮಾ ಕೆರಳಿಸುತ್ತದೆ. ಮುಸುರೆ ಪಾತ್ರೆ ರಾತ್ರಿ ಬಿಡಬೇಡಿ, ಸ್ಪ್ರೇ ಬದಲು ಜೆಲ್ ಇಡಿ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದರೆ ಮೇಲೆ ಬಣ್ಣ ಬಳಿದು ಮುಚ್ಚುವ ಕೆಲಸ ಆಗದು, ನೀರು ಎಲ್ಲಿಂದ ಸೋರುತ್ತಿದೆ ಅಂತ ಹುಡುಕಬೇಕು. ಬಾಡಿಗೆ ಮನೆಯಾದರೆ ಓನರ್ ಜೊತೆ ಇದೊಂದು ಜಗಳ ಇದ್ದದ್ದೇ. ಬಾಲ್ಕನಿಯ ಪಾರಿವಾಳದ ಹಿಕ್ಕೆಯಿಂದ ಕೆಲವರಿಗೆ ಶ್ವಾಸಕೋಶದ ಬೇರೆಯೇ ಗಂಭೀರ ಕಾಯಿಲೆ ಬರುತ್ತದೆ. ಕಾಳು ಹಾಕುವುದು ನಿಲ್ಲಿಸಿ, ಬಲೆ ಕಟ್ಟಿಸಿ, ಒಣಗಿದ್ದನ್ನು ಒದ್ದೆ ಮಾಡದೆ ಗುಡಿಸಬೇಡಿ.

ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಮೂರೂ ಹೊಗೆಯೇ. ದೇವರಿಗೆ ದೀಪ ಸಾಕು ಅಂತ ಮನೆಯ ಹಿರಿಯರನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಸೊಳ್ಳೆಗೆ ಪರದೆ ಕಟ್ಟಿ. ಆಯುಧ ಪೂಜೆ, ಯುಗಾದಿಯ ಧೂಳು ಹೊಡೆಯುವ ದಿನ ಮನೆಯಲ್ಲಿ ಇರಲೇಬೇಡಿ. ಇರಲೇಬೇಕಾದರೆ ಎನ್95 ಮಾಸ್ಕ್ ಹಾಕಿ, ಕರವಸ್ತ್ರ ಸಾಲದು. ಹೊರಗಿನ ಗಾಳಿ ಹೇಗಿದೆ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ನೋಡಬಹುದು. ಎಕ್ಯುಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 200 ದಾಟಿದ ದಿನ, ಅಂದರೆ ಹೆಚ್ಚಾಗಿ ದೀಪಾವಳಿಯ ಆಸುಪಾಸು, ಬೆಳಗಿನ ವಾಕಿಂಗ್ ಬಿಡಿ.

ಇಷ್ಟೆಲ್ಲ ಮಾಡಿದರೂ ಬರೀ ಶುಚಿಯಿಂದ ಅಸ್ತಮಾ ಹೋಗುವುದಿಲ್ಲ. ಔಷಧ ಕಡಿಮೆ ಸಾಕಾಗಬಹುದು, ಅಷ್ಟೆ.

ಹೆಜ್ಜೆ 4: ಔಷಧ

ಮೂಗಿನಿಂದ ಶುರು ಮಾಡೋಣ. ಸೀನು, ತುರಿಕೆಗೆ ಸೆಟಿರಿಜಿನ್, ಲಿವೊಸೆಟಿರಿಜಿನ್, ಫೆಕ್ಸೊಫೆನಡಿನ್ ಥರದ ಮಾತ್ರೆ. ಹಳೇ ಕಾಲದ ನೆಗಡಿ ಮಾತ್ರೆಗಳು ಜೋರು ನಿದ್ದೆ ತರುತ್ತವೆ, ಅದನ್ನು ನುಂಗಿ ಔಟರ್ ರಿಂಗ್ ರೋಡಿನಲ್ಲಿ ಬೈಕ್ ಓಡಿಸಬೇಡಿ. ಮೂಗು ಕಟ್ಟುವುದೇ ದೊಡ್ಡ ತೊಂದರೆಯಾದರೆ ಸ್ಟೀರಾಯ್ಡ್ ನೇಸಲ್ ಸ್ಪ್ರೇ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ದಿನಾ ಹಾಕಬೇಕು, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ತಲೆ ಸ್ವಲ್ಪ ಮುಂದೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಕಿವಿಯ ಕಡೆಗಿರಲಿ, ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಎರಡೇ ನಿಮಿಷಕ್ಕೆ ಮೂಗು ತೆರೆಯುವ ಡ್ರಾಪ್ಸ್ ಇದೆಯಲ್ಲ, ಅದನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಅದಿಲ್ಲದೆ ಮೂಗೇ ತೆರೆಯುವುದಿಲ್ಲ. ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಒಳ್ಳೆಯದು, ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಬೇಡ.

ಈಗ ಬಾವು ಮತ್ತು ಬಿಗಿತಕ್ಕೆ ಬರೋಣ. ನೀಲಿ ಪಂಪ್, ಅಂದರೆ ಸಾಲ್ಬುಟಮಾಲ್, ಬಿಗಿತವನ್ನು ಸಡಿಲಿಸುತ್ತದೆ. ಐದು ನಿಮಿಷದಲ್ಲಿ ಎದೆ ಹಗುರ. ಆದರೆ ಬಾವು ಅಲ್ಲೇ ಇರುತ್ತದೆ. ಬಾವನ್ನು ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೊನ್ ಥರದ ಸ್ಟೀರಾಯ್ಡ್ ಇನ್‌ಹೇಲರ್. ಎಳೆದಾಗ ಏನೂ ಅನಿಸುವುದಿಲ್ಲ. ಅದಕ್ಕೇ ಜನ ಅದನ್ನು ಬಿಟ್ಟು, ಕೂಡಲೇ ಸುಖ ಕೊಡುವ ನೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ನಾನೂ ಒಂದು ವರ್ಷ ಹಾಗೇ ಮಾಡಿದೆ. ಜಗತ್ತಿನಾದ್ಯಂತ ಡಾಕ್ಟರುಗಳು ನೋಡುವ ಗೀನಾ ಮಾರ್ಗಸೂಚಿ 2019ರಿಂದ ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಕೊಟ್ಟು ಕಳಿಸಬೇಡಿ ಎನ್ನುತ್ತಿದೆ. 200 ಡೋಸಿನ ನೀಲಿ ಪಂಪ್ ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ನಿಮ್ಮ ಅಸ್ತಮಾ ಹತೋಟಿಯಲ್ಲಿಲ್ಲ. ಈಗ ಅನೇಕರಿಗೆ ಬಾವಿಗೆ ಬುಡೆಸೊನೈಡ್, ಬಿಗಿತಕ್ಕೆ ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಇನ್‌ಹೇಲರ್ ಕೊಡುತ್ತಾರೆ.

‘ಪಂಪ್ ಅಭ್ಯಾಸ ಆಗಿಬಿಡುತ್ತೆ, ಮಾತ್ರೆ ಕೊಡಿ ಸಾಕು’ ಅನ್ನುವವರು ಈ ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಪಫ್ 100 ಮೈಕ್ರೊಗ್ರಾಂ. ಅಂದರೆ ಒಂದು ಮಾತ್ರೆ ನಲವತ್ತು ಪಫ್‌ಗೆ ಸಮ, ಅದೂ ಇಡೀ ಮೈ ಸುತ್ತಿ ಬರುತ್ತದೆ, ಕೈ ನಡುಗಿಸುತ್ತದೆ. ಸ್ಟೀರಾಯ್ಡ್ ಭಯವೂ ಹೀಗೇ. ಇನ್‌ಹೇಲರಿನ ಪ್ರಮಾಣ ತೀರಾ ಸಣ್ಣದು. ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು ಎಂಬುದು ನಿಜ, ಹತೋಟಿ ತಪ್ಪಿದ ಅಸ್ತಮಾ ಅದಕ್ಕಿಂತ ಜಾಸ್ತಿ ಕಿತ್ತುಕೊಳ್ಳುತ್ತದೆ. ಹೆದರಬೇಕಾದದ್ದು ‘ನೂರಕ್ಕೆ ನೂರು ಗುಣ’ ಅಂತ ಕೊಡುವ ಹೆಸರಿಲ್ಲದ ಪುಡಿಗಳಿಗೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಉದಾಹರಣೆಗಳಿವೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ಮದ್ದು ನುಂಗಿ ಬರುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಅದರಿಂದ ಅಸ್ತಮಾ ಗುಣವಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಹೋಗಿಯೇ ತೀರುತ್ತೇನೆ ಅನ್ನುವವರು ಪಂಪನ್ನಂತೂ ಬಿಡಬೇಡಿ.

ಅಲರ್ಜಿ, ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗುವವರು ಬಹಳ. ಅದು ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ ತರಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಮಗು ಇದ್ದಕ್ಕಿದ್ದಂತೆ ಹಟಮಾರಿ ಆದರೆ ಡಾಕ್ಟರಿಗೆ ಹೇಳಿ.

ಪಂಪ್ ಎಳೆಯುವ ರೀತಿ ಹೀಗೆ. ಇಲ್ಲಿ ಅವಸರ ಮಾಡಬೇಡಿ:

1. ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಸ್ಪೇಸರಿಗೆ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ) ಸಿಕ್ಕಿಸಿ.
2. ನೆಟ್ಟಗೆ ಕೂತು ಉಸಿರು ಪೂರ್ತಿ ಹೊರಬಿಡಿ.
3. ತುಟಿ ಬಿಗಿಯಾಗಿ ಮುಚ್ಚಿ, ಒಮ್ಮೆ ಒತ್ತಿ, ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆಯಿರಿ.
4. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ.
5. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ.
6. ಸ್ಟೀರಾಯ್ಡ್ ಆಗಿದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಬೆಳ್ಳಗಾಗುತ್ತದೆ.

ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಇದಕ್ಕೆ ಉಲ್ಟಾ. ಅದನ್ನು ಜೋರಾಗಿ, ರಭಸವಾಗಿ ಎಳೆಯಬೇಕು. ಒಳಗೆ ಊದಬಾರದು, ಪುಡಿ ಒದ್ದೆಯಾಗುತ್ತದೆ. ಆ ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗುವವರೂ ಇದ್ದಾರೆ, ನಗಬೇಡಿ, ಯಾರೂ ತೋರಿಸಿಕೊಡದಿದ್ದರೆ ಹಾಗೇ ಆಗುವುದು. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್ ಕರೆಂಟಿಗೆ ಔಷಧ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ.

ನಮ್ಮ ಮಾವ ಒಂದು ತಿಂಗಳು ಖಾಲಿ ಪಂಪ್ ಎಳೆದಿದ್ದರು. ಔಷಧ ಮುಗಿದ ಮೇಲೂ ಅದರೊಳಗಿನ ಗ್ಯಾಸ್ ಪುಸ್ ಪುಸ್ ಅನ್ನುತ್ತಲೇ ಇರುತ್ತದೆ. ನೀರಿನಲ್ಲಿ ತೇಲಿಸಿ ನೋಡುವ ಹಳೇ ಉಪಾಯವೂ ನಂಬುವಂಥದ್ದಲ್ಲ. ಡೋಸ್ ಎಣಿಕೆ ಇರುವುದನ್ನು ಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಹಾಕಿ: ದಿನಕ್ಕೆ ನಾಲ್ಕು ಪಫ್ ಆದರೆ 200 ಡೋಸ್ 50 ದಿನಕ್ಕೆ ಮುಗಿಯುತ್ತದೆ. ಮುಗಿಯುವ ತಾರೀಖನ್ನು ಮಾರ್ಕರಿನಲ್ಲಿ ಪಂಪಿನ ಮೇಲೇ ಬರೆಯಿರಿ.

ಇಷ್ಟಕ್ಕೂ ಬಗ್ಗದವರಿಗೆ ಇಮ್ಯುನೊಥೆರಪಿ ಇದೆ, ಅಲರ್ಜಿ ತರುವ ವಸ್ತುವನ್ನೇ ಸಣ್ಣ ಪ್ರಮಾಣದಲ್ಲಿ ಮೂರು ವರ್ಷದಷ್ಟು ಕಾಲ ಇಂಜೆಕ್ಷನ್ ಅಥವಾ ನಾಲಿಗೆಯ ಕೆಳಗಿನ ಹನಿಯಾಗಿ ಕೊಡುವುದು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸದವರ ಹತ್ತಿರ ಇದನ್ನು ಮಾಡಿಸಬೇಡಿ. ಪ್ರಾಣಾಯಾಮ ಮಾಡಿ, ಒಳ್ಳೆಯದೇ, ಪಂಪಿನ ಜಾಗಕ್ಕೆ ಅದು ಬೇಡ. ಗರ್ಭಿಣಿಯರು ಹೆದರಿ ಇನ್‌ಹೇಲರ್ ನಿಲ್ಲಿಸಬಾರದು. ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆ ಅಸ್ತಮಾ ಕೆರಳಿಸಬಹುದು, ಅದಕ್ಕೆ ಯಾವ ಡಾಕ್ಟರ ಹತ್ತಿರ ಹೋದರೂ ‘ಅಸ್ತಮಾ ಇದೆ’ ಅಂತ ಮೊದಲೇ ಹೇಳಿ.

ಹೆಜ್ಜೆ 5: ರಾತ್ರಿ ಎರಡು ಗಂಟೆಯ ಚೀಟಿ

ಉಸಿರು ಕಟ್ಟಿದಾಗ ಯಾರಿಗೂ ತಲೆ ಓಡುವುದಿಲ್ಲ. ಆದ್ದರಿಂದ ಡಾಕ್ಟರ ಕೈಲೇ ಒಂದು ಚೀಟಿ ಬರೆಸಿ ಫ್ರಿಜ್ಜಿಗೆ ಅಂಟಿಸಿ. ಒಂದು ಪ್ರತಿ ಮಗುವಿನ ಶಾಲೆಗೂ ಕೊಡಿ. ಅವರು ಬೇರೆ ಹೇಳಿಲ್ಲದಿದ್ದರೆ, ಸಾಮಾನ್ಯವಾಗಿ ಹೀಗೆ: ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ನೀಲಿ ಪಂಪನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್, ಪ್ರತಿ ಪಫ್‌ಗೂ ನಾಲ್ಕು ಉಸಿರು. ನಾಲ್ಕು ನಿಮಿಷ ಕಾಯಿರಿ. ಹಗುರಾಗದಿದ್ದರೆ ಮತ್ತೆ ನಾಲ್ಕು. ಆಗಲೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಪಫ್ ಮುಂದುವರಿಸಿ.

ಒಂದು ವಾಕ್ಯ ಪೂರ್ತಿ ಹೇಳಲಾಗದೆ ತುಂಡು ತುಂಡು ಮಾತು, ತುಟಿ ನೀಲಿ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುವುದು, ಆಕ್ಸಿಮೀಟರಿನಲ್ಲಿ 92ಕ್ಕಿಂತ ಕಡಿಮೆ, ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಹೊರಡಿ. ಸುಯ್ ಸದ್ದು ನಿಂತಿತು, ಆದರೆ ಮನುಷ್ಯ ಸುಸ್ತಾಗಿ ತೂಕಡಿಸುತ್ತಿದ್ದಾನೆ ಅಂದರೆ ವಾಸಿಯಾಗಿದೆ ಅಂತ ಅಲ್ಲ. ಗಾಳಿಯೇ ಒಳಗೆ ಹೋಗುತ್ತಿಲ್ಲ ಅಂತ.

ಆಹಾರ, ಔಷಧ ಅಥವಾ ಜೇನುನೊಣದ ಕಡಿತದ ನಂತರ ಮೈಯೆಲ್ಲ ಗಂಧೆ ಎದ್ದು, ಜೊತೆಗೆ ಉಸಿರು ಕಟ್ಟುವುದು, ಗಂಟಲು ಊತ, ತಲೆಸುತ್ತು ಬಂದರೆ ಅದು ಅನಾಫಿಲ್ಯಾಕ್ಸಿಸ್. ಗಂಧೆ ಏಳದೆಯೂ ಬರಬಹುದು. ಅದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಒಂದೇ. ಸೀನಿನ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. ಮಲಗಿಸಿ, ಕಾಲು ಎತ್ತರದಲ್ಲಿಡಿ, ಎದ್ದು ನಡೆಸಬೇಡಿ. ಉಸಿರಾಟ ಕಷ್ಟವಿದ್ದರೆ ಕೂರಿಸಿಯೇ ಕರೆದೊಯ್ಯಿರಿ. ಒಮ್ಮೆ ಹೀಗಾಗಿದ್ದವರು ಅಡ್ರಿನಲಿನ್ ಇಟ್ಟುಕೊಳ್ಳುವುದು, ಕೊಡುವುದು ಹೇಗೆ ಅಂತ ಅಲರ್ಜಿ ತಜ್ಞರಿಂದ ಕಲಿಯಿರಿ.

ಮತ್ತೆ ಡಾಕ್ಟರ ಹತ್ತಿರ ಹೋಗುವಾಗ

ಹಿಂದಿನ ನಾಲ್ಕು ವಾರ ನೆನೆದು ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋಗಿ. ಹಗಲು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆ ಆಯಿತಾ? ರಾತ್ರಿ ಒಮ್ಮೆಯಾದರೂ ಎದ್ದಿರಾ? ನೀಲಿ ಪಂಪ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತಾ? ಮೆಟ್ಟಿಲು, ಆಟ, ಕೆಲಸ ಏನನ್ನಾದರೂ ಬಿಟ್ಟಿರಾ? ನಾಲ್ಕಕ್ಕೂ ಇಲ್ಲ ಎಂದಾದರೆ ಹತೋಟಿ ಚೆನ್ನಾಗಿದೆ. ಹಾಗೆ ಎರಡು ಮೂರು ತಿಂಗಳು ಉಳಿದರೆ ಡಾಕ್ಟರೇ ಡೋಸ್ ಇಳಿಸುತ್ತಾರೆ, ನೀವಾಗಿ ಇಳಿಸಬೇಡಿ.

ಪಂಪನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಅವರ ಮುಂದೆ ಒಮ್ಮೆ ಎಳೆದು ತೋರಿಸಿ. ನನಗೆಲ್ಲ ಗೊತ್ತು ಅಂತ ಬೀಗುತ್ತಿದ್ದ ನಾನು ಹೋದ ವರ್ಷ ಹಾಗೆ ತೋರಿಸಿದೆ. ‘ಸಾರ್, ನೀವು ಕುಲುಕಲೇ ಇಲ್ವಲ್ಲ’ ಅಂದರು.